ಕಾರಿಗೂ ಪ್ರೆಶರ್

ಹಾಲಾಡಿ, 3 ಸೆಪ್ಟೆಂಬರ್ 1964, ಗುರುವಾರ

ನಿನ್ನೆ ಇವರನ್ನು ಕುಂದಾಪುರದ ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ದಿನಾ ಏನು ಉಂಡರು, ಎಷ್ಟು ನಿದ್ದೆ ಮಾಡಿದರು ಎಂದು ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಎಂಟನೇ ಕ್ಲಾಸಿನವರೆಗೆ ಓದಿದ್ದು ಅಂತೂ ಉಪಯೋಗಕ್ಕೆ ಬಂತು. ಬೆಳಿಗ್ಗೆ ಗಂಜಿ, ಉಪ್ಪು ಇಲ್ಲ. ಮಧ್ಯಾಹ್ನ ಗಂಜಿ, ಉಪ್ಪು ಇಲ್ಲ. ರಾತ್ರಿಗೂ ಅದೇ. ನಿದ್ದೆ ಚೆನ್ನಾಗಿ ಆಯಿತು, ಗೊರಕೆ ಮೊದಲಿನಷ್ಟೇ ಜೋರು. ಡಾಕ್ಟರಿಗೆ ಬೇಕಾದದ್ದು ಇಷ್ಟೇ. ಉಳಿದದ್ದನ್ನು ನನಗಾಗಿ ಬರೆದುಕೊಳ್ಳುತ್ತೇನೆ.

ಇವರ ಬಲಗೈ, ಬಲಗಾಲು ಹೇಳಿದ ಮಾತು ಕೇಳುವುದಿಲ್ಲ. ನಾಲಿಗೆ ಆಡುತ್ತದೆ, ಆದರೆ ಬೇಕಾದ ಶಬ್ದ ಸಿಗುವುದಿಲ್ಲ. ನೀರು ಬೇಕಾದರೆ ಚಾವಿ ಎನ್ನುತ್ತಾರೆ. ದಿಂಬಿಗೆ ಟಯರು ಎನ್ನುತ್ತಾರೆ. ಇದೆಲ್ಲ ನಿಧಾನಕ್ಕೆ ಸರಿಯಾದೀತು, ಆದರೆ ಇನ್ನೊಂದು ಸಲ ಹೀಗಾದರೆ ಮನುಷ್ಯ ಉಳಿಯುವುದು ಕಷ್ಟ, ರಕ್ತದ ಒತ್ತಡ ಏರದ ಹಾಗೆ ನೋಡಿಕೊಳ್ಳಿ ಎಂದು ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದರು. 

ಒಂದು ಶಬ್ದ ಮಾತ್ರ ಇವರ ಬಾಯಲ್ಲಿ ತಪ್ಪದೆ ಬರುತ್ತದೆ. ಪ್ರೆಶರ್. ಬಿದ್ದ ದಿನ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕುಂದಾಪುರಕ್ಕೆ ಹೋಗುವಾಗಲೂ ದಾರಿಯುದ್ದಕ್ಕೂ ಅದೊಂದೇ ಮಾತು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡುವ ಮೊದಲೇ ಇವರಿಗೆ ತಮ್ಮ ಕಾಯಿಲೆ ಗೊತ್ತಾಗಿತ್ತು. ಬುದ್ಧಿವಂತರೇ, ಅದರಲ್ಲಿ ಅನುಮಾನವಿಲ್ಲ. ಇದ್ದ ಬುದ್ಧಿಯನ್ನೆಲ್ಲ ಒಂದು ಕಾರಿಗೆ ಸುರಿದರು, ಅಷ್ಟೇ.

5 ಸೆಪ್ಟೆಂಬರ್, ಶನಿವಾರ

ಆ ಕಾರಿನ ವಿಷಯ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ಅದರ ಮೈ ವಿಲಾಯತಿಯದು, ಘಟ್ಟದ ಮೇಲಿನ ಯಾವುದೋ ಎಸ್ಟೇಟಿನ ದೊರೆ ಬಿಟ್ಟುಹೋದದ್ದು. ಎಂಜಿನ್ ಹರಾಜಿಗೆ ಬಂದ ಜೀಪಿನದು. ಎರಡನ್ನೂ ಕೂಡಿಸಲು ಇವರಿಗೆ ಮೂರು ಮಳೆಗಾಲ ಬೇಕಾಯಿತು. ಬಾಡಿಗೆ ಓಡಿಸುವ ಕಾರುಗಳಿಗೆ ನಮ್ಮ ಕಡೆ ಬರವಿಲ್ಲ. ಆದರೆ ಇವರದು ಆರು ಜನರನ್ನು ಕೂರಿಸಿಕೊಂಡು ಬಾಳೆಬರೆ ಘಾಟಿಯನ್ನು ಎಲ್ಲೂ ನಿಲ್ಲದೆ ಹತ್ತಬೇಕು. ಅದು ಇವರ ಹಟ. ಘಾಟಿಯ ನಡುವೆ ಪೆಟ್ರೋಲು ಸಾಲದೆ ಎಂಜಿನ್ ಕೆಮ್ಮುತ್ತಿತ್ತಂತೆ. ಅದಕ್ಕಾಗಿ ಎಲ್ಲಿಂದಲೋ ಒಂದು ಲಾರಿಯ ಪೆಟ್ರೋಲ್ ಪಂಪು ತಂದರು. ಮೊನ್ನೆ ಮೊನ್ನೆ ಅದನ್ನು ಕೂರಿಸಿ ಮುಗಿಸಿದವರೇ ಬಾನೆಟ್ಟಿನ ಮೇಲೆ ಬಗ್ಗಿದರು, ಮತ್ತೆ ಏಳಲಿಲ್ಲ. ಡ್ರೈವರ್ ಮಂಜ ಮತ್ತು ನಾನು ಸೇರಿ ಎತ್ತಿದೆವು.

ಮಂಜ ಗಂಗೊಳ್ಳಿಯವ, ಮೀನುಗಾರರ ಮನೆಯವ, ದೋಣಿ ಬಿಟ್ಟು ಸ್ಟೇರಿಂಗ್ ಹಿಡಿದು ಹದಿನೈದು ವರ್ಷವಾಯಿತು. ನನಗಿಂತ ದೊಡ್ಡವನಾದರೂ ನನ್ನನ್ನು ಅಮ್ಮ, ಇವರನ್ನು ಶೆಟ್ರು ಎನ್ನುತ್ತಾನೆ. ದಿನಾ ಬಂದು ಕೊಟ್ಟಿಗೆಯಲ್ಲಿ ನಿಂತ ಕಾರನ್ನು ಒರೆಸಿ ಹೋಗುತ್ತಾನೆ. ಇವರಿಗೆ ಮೈ ಒರೆಸುವುದು ನಾನು, ಕಾರಿಗೆ ಅವನು.

ನನ್ನ ತಮ್ಮ ಚಂದು ಬಂದಿದ್ದ. ಅವನದು ಇಲ್ಲೇ ಪೇಟೆಯಲ್ಲಿ ಜಿನಸಿನ ಅಂಗಡಿ. ಬ್ರಹ್ಮಾವರದಲ್ಲಿ ಚೆನ್ನಯ್ಯ ಎಂಬವರಿಗೆ ಘಾಟಿ ಹತ್ತುವ ಕಾರು ಬೇಕಂತೆ, ದೀಪಾವಳಿ ಕಳೆದ ಮೇಲೆ ಬಂದು ನೋಡುತ್ತಾರಂತೆ. ಆಗಲಿ ಎಂದೆ. ಅದು ಕಣ್ಣೆದುರು ಇರುವವರೆಗೆ ಇವರು ಸುಮ್ಮನೆ ಮಲಗುವವರಲ್ಲ. ನನಗೆ ಇವರು ಉಳಿಯಬೇಕು, ಕಾರು ಹೋಗಬೇಕು.

12 ಸೆಪ್ಟೆಂಬರ್, ಶನಿವಾರ

ಚೌತಿ ಕಳೆದು ಬಿಜೂರಿನಿಂದ ಇವರ ಅಕ್ಕ ಗುಲಾಬಿ ಅತ್ತಿಗೆ ಬಂದರು. ತಮ್ಮನನ್ನು ಕಂಡು ಮೊದಲು ಅತ್ತರು, ಆಮೇಲೆ ಸೆರಗಿನ ಗಂಟಿನಿಂದ ಮಿಡಿ ಉಪ್ಪಿನಕಾಯಿಯ ಸಣ್ಣ ಭರಣಿ ತೆಗೆದರು. ಬಾಯಿ ಕೆಟ್ಟಿರುತ್ತದೆ, ಒಂದು ಮಿಡಿಯಿಂದ ಏನಾಗುತ್ತದೆ ಎಂದು ಅವರ ವಾದ. ನಾನು ಭರಣಿಗೆ ಕೈ ಹಾಕಿ ಎಳೆದೆ. ಜಟಾಪಟಿ ನಡೆಯುತ್ತಿರುವಾಗ ಇವರು ಎಡಗೈಯಿಂದ ಮಂಚ ಬಡಿದು ಸ್ಪಷ್ಟವಾಗಿ ಹೇಳಿದರು, ಪ್ರೆಶರ್ ಜಾಸ್ತಿ, ಕಮ್ಮಿ ಮಾಡ್.

ಅತ್ತಿಗೆ ಅಲ್ಲೇ ಕಣ್ಣೊರೆಸಿಕೊಂಡು, "ಕಾಣ್ ಪ್ರಭಾ, ತಮ್ಮಂಗೆ ತನ್ನ ರೋಗ ತನಗೇ ಗೊತ್ತಾಯ್ತ್. ನಾ ಎಂತ ಕೆಟ್ಟವ್ಳ್," ಎಂದು ತಮ್ಮ ಭರಣಿಯನ್ನು ತಾವೇ ಕಟ್ಟಿಟ್ಟರು. ಇವರು ಅಲ್ಲ, ಅಲ್ಲ ಎಂದು ತಲೆ ಆಡಿಸುತ್ತಲೇ ಇದ್ದರು. ಉಪ್ಪಿನಕಾಯಿ ಕೈತಪ್ಪಿದ್ದಕ್ಕೆ ಹಾಗೆ ಎಂದು ಇಬ್ಬರೂ ಅಂದುಕೊಂಡೆವು.

14 ಸೆಪ್ಟೆಂಬರ್, ಸೋಮವಾರ

ಡಿಸ್ಪೆನ್ಸರಿಯ ಕಂಪೌಂಡರ್ ಶೀನ ವಾರಕ್ಕೊಮ್ಮೆ ಬಂದು ಇವರ ಪ್ರೆಶರ್ ನೋಡುತ್ತಾನೆ. ಮರದ ಪೆಟ್ಟಿಗೆ ತೆರೆದರೆ ಒಳಗೆ ಗಾಜಿನ ನಳಿಗೆ, ಅದರಲ್ಲಿ ಪಾದರಸ. ಇವತ್ತು ನೂರ ಎಪ್ಪತ್ತು. ನೂರ ಮೂವತ್ತರ ಹತ್ತಿರ ಬರಬೇಕಂತೆ. ಇವರು ಆ ಪೆಟ್ಟಿಗೆಯನ್ನೂ ಕೊಟ್ಟಿಗೆಯನ್ನೂ ಎರಡೆರಡು ಸಲ ತೋರಿಸಿ ಪ್ರೆಶರ್ ಎಂದರು. ಶೀನ ಪ್ರೀತಿಯಿಂದ ಬೆನ್ನು ತಟ್ಟಿ, ಈಗ ಕಾರಿನ ಚಿಂತೆ ಬಿಡಿ ಎಂದ. ಇವರು ಗೋಡೆಯ ಕಡೆ ತಿರುಗಿ ಮಲಗಿದರು.

ಸಂಜೆ ಗಂಜಿಯ ಬಟ್ಟಲು ದೂಡಿದರು. ನೆಲ ಒರೆಸಿದೆ. ಬೈಯಬೇಕೆಂದುಕೊಂಡೆ, ಮುಖ ನೋಡಿ ಆಗಲಿಲ್ಲ. ಮತ್ತೊಂದು ಬಟ್ಟಲು ತಂದು ಚಮಚದಲ್ಲಿ ಕುಡಿಸಿದೆ.

20 ಸೆಪ್ಟೆಂಬರ್, ಭಾನುವಾರ

ಇವತ್ತಿನದು ಬರೆಯಲು ಮನಸ್ಸಿಲ್ಲ. ಆದರೂ ಬರೆಯಬೇಕು.

ಬೆಳಿಗ್ಗೆ ಗದ್ದೆಯಾಚೆಯ ಬೆಳ್ಳಿ ಎಂಬವಳಿಗೆ ಹೆರಿಗೆ ನೋವು ಬಂದಿದೆ, ಕುಂದಾಪುರಕ್ಕೆ ಒಯ್ಯಬೇಕು, ಕಾರು ಕೊಡಿ ಎಂದು ಅವಳ ಗಂಡ ಓಡಿ ಬಂದ. ಇಲ್ಲ ಎನ್ನಲು ನನ್ನಿಂದಾಗುತ್ತದೆಯೇ. ಮಂಜ ಕಾರು ಹೊರಗೆ ತೆಗೆದ. ಎಂಜಿನ್ನಿನ ಸದ್ದು ಕೇಳಿದ್ದೇ ಇವರು ಎದ್ದು ಕೂರಲು ನೋಡಿದರು. ಪ್ರೆಶರ್, ಪ್ರೆಶರ್ ಎಂದು ಕೂಗಿದ ರಭಸಕ್ಕೆ ಕುತ್ತಿಗೆಯ ನರ ಉಬ್ಬಿತು. ನಾನು ಗಾಬರಿಯಿಂದ ಮಾತ್ರೆ ನುಂಗಿಸಿ, ಭುಜ ಹಿಡಿದು ಮಲಗಿಸಿದೆ. ಕಾರು ಹೋದ ಮೇಲೂ ಇವರ ಕಣ್ಣಿಂದ ನೀರು ಇಳಿಯುತ್ತಿತ್ತು. ನಾನೂ ಅತ್ತೆ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಅಳುತ್ತಿದ್ದೆವು ಎಂದು ನನಗೆ ಆಗ ತಿಳಿಯಲಿಲ್ಲ.

ಮಂಜ ಮಧ್ಯಾಹ್ನ ಬಂದ. ಬಲಗೈಗೆ ಅಂಗೈಯಿಂದ ಮೊಣಕೈವರೆಗೆ ಬಿಳಿ ಬಟ್ಟೆ ಸುತ್ತಿತ್ತು. ಬೆಳ್ಳಿಯನ್ನು ಆಸ್ಪತ್ರೆಯಲ್ಲಿ ಇಳಿಸಿ, ವಾಪಸು ಬರುವಾಗ ಬಾನೆಟ್ಟಿನಿಂದ ಹೊಗೆ ಬಂತಂತೆ. ತೆರೆದರೆ ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬೋರೇಟರ್ ತುಂಬಿ ಪೆಟ್ರೋಲು ಹೊರಗೆ ಚೆಲ್ಲಿ, ಕಾದ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಉರಿ ಹತ್ತಿತ್ತು. ರಸ್ತೆ ಬದಿಯ ಮರಳು ಬಾಚಿ ಹಾಕಿ ಆರಿಸಿ, ಕಾರನ್ನು ಒಂದು ಲಾರಿಗೆ ಕಟ್ಟಿ ಎಳೆಸಿ ತಂದನಂತೆ. ಒಂದು ಗಳಿಗೆ ಮೊದಲಾಗಿದ್ದರೆ ತುಂಬು ಬಸುರಿ ಒಳಗಿರುತ್ತಿದ್ದಳು.

ಅವನು ಇದನ್ನೆಲ್ಲ ಇವರ ಮಂಚದ ಹತ್ತಿರ ನಿಂತೇ ಹೇಳಿದ. ಇವರು ಎಡಗೈ ಚಾಚಿ ಅವನ ಸುಟ್ಟ ಕೈಯನ್ನು ಮುಟ್ಟಿದರು. ಅದೇ ಮಾತು, ಈಗ ಬಹಳ ಮೆಲ್ಲಗೆ, ಪ್ರೆಶರ್. ಮಂಜ ನನ್ನ ಕಡೆ ತಿರುಗಿದ.

"ಅಮ್ಮಾ, ಶೆಟ್ರ್ ಹೇಳುದ್ ಅವ್ರ ಪ್ರೆಸರ್ ಅಲ್ಲ, ಕಾರಿನ ಪ್ರೆಸರ್. ಆ ಲಾರಿ ಪಂಪ್ ಪೆಟ್ರೋಲನ್ನ ಜೋರ್ ದೂಡ್ತಾ ಇತ್ತ್. ಬಿದ್ದ ದಿನದಿಂದ ಅದನ್ನೇ ಹೇಳ್ತಿದ್ರ್."

ಇವರು ಕಣ್ಣು ಮುಚ್ಚಿಕೊಂಡು ಹೌದು ಎಂದು ತಲೆ ಆಡಿಸಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಇವರ ಮುಖ ಸಡಿಲವಾದದ್ದು ಕಂಡೆ.

21 ಸೆಪ್ಟೆಂಬರ್, ಸೋಮವಾರ

ಬೆಳ್ಳಿಗೆ ಹೆಣ್ಣು ಮಗು. ತಾಯಿ ಮಗು ಚೆನ್ನಾಗಿದ್ದಾರೆ.

ಇವರಿಗೆ ಗಂಜಿ, ಉಪ್ಪು ಇಲ್ಲ. ಉಪ್ಪು ಬಿಡಬೇಕಾದದ್ದು ಬಿಡಲೇಬೇಕು, ಅವರ ಪ್ರೆಶರೂ ಸುಳ್ಳಲ್ಲ. ಆದರೆ ಪಾಪ, ಕಾರಿನ ಪ್ರೆಶರ್ ಕಮ್ಮಿ ಮಾಡಿ ಎಂದಾಗಲೆಲ್ಲ ನಾನು ಇವರ ಎಲೆಯಿಂದ ಏನಾದರೊಂದು ಕಡಿಮೆ ಮಾಡುತ್ತಾ ಬಂದೆ. ಮೊದಲು ಉಪ್ಪಿನಕಾಯಿ ಹೋಯಿತು, ಆಮೇಲೆ ಗಂಜಿಗೆ ನಂಜಿಕೊಳ್ಳುವ ಒಣಮೀನು, ಹಪ್ಪಳ, ಕಡೆಗೆ ಮಜ್ಜಿಗೆಗೆ ಹಾಕುವ ಚಿಟಿಕೆ ಉಪ್ಪೂ. ಇನ್ನು ನಾಲ್ಕು ದಿನ ಹೋಗಿದ್ದರೆ ಬರಿ ನೀರಿಗೆ ಬರುತ್ತಿದ್ದರು. ಇದನ್ನು ಹೇಳಿದರೆ ಬಾಯಿಯ ಎಡಬದಿಯಿಂದ ನಕ್ಕರು.

27 ಸೆಪ್ಟೆಂಬರ್, ಭಾನುವಾರ

ಚಂದುವಿಗೆ ಬೆಂಕಿಯ ವಿಷಯ ಹೇಳಿದೆ. ಬಣ್ಣ ಸ್ವಲ್ಪ ಸುಟ್ಟದ್ದಕ್ಕೆ ಬಣ್ಣ ಹೊಡೆಸಿದರಾಯಿತು, ಚೆನ್ನಯ್ಯನವರಿಗೆ ಏನೂ ಹೇಳುವುದು ಬೇಡ ಎಂದ. ನೋಡಿ ತೆಗೆದುಕೊಳ್ಳುವವರಿಗೆ ಕಣ್ಣು ಇಲ್ಲವೇ ಎಂದು ಅವನ ಲೆಕ್ಕ. ಅಂಗಡಿಯಲ್ಲಿ ಕೂತು ಕೂತು ನನ್ನ ತಮ್ಮನ ಬುದ್ಧಿ ಹಾಗಾಗಿದೆ.

ಒಳಗೆ ಮಲಗಿದ್ದ ಇವರಿಗೆ ಕೇಳಿಸಿತು. ಚಂದು ಹೋದ ಮೇಲೆ ನನ್ನನ್ನು ಕರೆದರು. ಬಹಳ ಹೊತ್ತು ಶಬ್ದ ಹುಡುಕಿದರು. ಕಡೆಗೆ ಸಿಕ್ಕಿದ್ದು ಇಷ್ಟು, "ಅವ್ರ್ ಮಕ್ಳ್... ಕೂಕಂತ್ರ್." ಆ ಕಾರಿನಲ್ಲಿ ಅವರ ಮಕ್ಕಳು ಕೂರುತ್ತಾರೆ ಎಂದು. ಮಾರಲಿ, ಬಿಡಲಿ, ಉರಿಯುವ ಕಾರನ್ನು ಯಾರ ಕೈಗೂ ಕೊಡುವ ಹಾಗಿಲ್ಲ ಎಂಬುದು ನನಗೂ ಸರಿಯೆನಿಸಿತು. ಸರಿ ಮಾಡಿ ಮಾರುವುದು ಎಂದು ತೀರ್ಮಾನಿಸಿದೆ. ಮಾರುವುದಂತೂ ಮಾರುವುದೇ.

4 ಅಕ್ಟೋಬರ್, ಭಾನುವಾರ

ಕಾರನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ದೂಡಿಸಿದೆ. ಇವರನ್ನು ಕುರ್ಚಿಯಲ್ಲಿ ಕೂರಿಸಿ ಅದರ ಎದುರಿಗೆ ಇಟ್ಟೆವು. ಮಾಡಬೇಕಾದದ್ದು ಗೊತ್ತಿರುವುದು ಇವರಿಗೆ, ಇವರ ಬಲಗೈ ಏಳುವುದಿಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವುದು ಮಂಜನಿಗೆ, ಅವನ ಬಲಗೈಗೆ ಬಟ್ಟೆ. ಕಡೆಗೆ ಮೂವರ ನಡುವೆ ಉಳಿದದ್ದು ನನ್ನ ಕೈಗಳು. ಸೆರಗು ಸಿಕ್ಕಿಸಿ ನಿಂತೆ.

ಮಂಜ ತಿಳಿಸಿ ಹೇಳಿದ. ಎಂಜಿನ್ನಿನ ಒಳಗೆ ತಿರುಗುವ ಒಂದು ಚಕ್ರ ಪಂಪಿನ ಕೈಯನ್ನು ದೂಡುತ್ತದೆ, ಆ ಕೈ ಪೆಟ್ರೋಲನ್ನು ದೂಡುತ್ತದೆ. ಪಂಪನ್ನು ಎಂಜಿನ್ನಿನಿಂದ ಒಂದಿಷ್ಟು ಹೊರಗೆ ಸರಿಸಿ ಕೂರಿಸಿದರೆ ಚಕ್ರ ಆ ಕೈಯನ್ನು ಅಷ್ಟು ಕಡಿಮೆ ದೂಡುತ್ತದೆ. ಸರಿಸುವುದು ಹೇಗೆಂದರೆ ನಡುವೆ ರಟ್ಟಿನ ಪ್ಯಾಕಿಂಗ್ ಇಟ್ಟು. ಬಾವಿಯ ಹಗ್ಗವನ್ನು ಗಿಡ್ಡ ಎಳೆದರೆ ನೀರು ಕಡಿಮೆ ಬರುತ್ತದೆಯಲ್ಲ ಎಂದೆ. ಇವರು ತಲೆ ಎತ್ತಿ ನನ್ನನ್ನೇ ನೋಡಿದರು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

ಎಷ್ಟು ಪ್ಯಾಕಿಂಗ್ ಬೇಕು ಎಂದು ತಿಳಿಯಲು ಅಳತೆ ಬೇಕು. ಇವರು ಗಡಿಯಾರ, ಗಡಿಯಾರ ಎಂದರು. ಗೋಡೆಯ ಗಡಿಯಾರ ತಂದು ಮಡಿಲಲ್ಲಿ ಇಟ್ಟೆ. ಅಲ್ಲ ಎಂದರು. ಚಂದುವಿನ ಮನೆಯಿಂದ ಅಲಾರಂ ಗಡಿಯಾರ ತರಿಸಿದೆ. ಅದು ಮಡಿಲಲ್ಲಿ ಕೂತು ಹೊಡೆದುಕೊಳ್ಳತೊಡಗಿದಾಗ ಇವರಿಗೆ ನಗು ತಡೆಯಲಿಲ್ಲ, ನಮಗೂ ತಡೆಯಲಿಲ್ಲ. ಇವರು ಹೇಳಿದ್ದು ಪ್ರೆಶರ್ ತೋರಿಸುವ ಮುಳ್ಳಿನ ಗೇಜು ಇರಬೇಕೆಂದು ಮಂಜನಿಗೆ ಆಮೇಲೆ ಹೊಳೆಯಿತು. ಅಂಥದ್ದು ಉಡುಪಿಯ ಕಡೆ ದೊಡ್ಡ ಗ್ಯಾರೇಜುಗಳಲ್ಲಿ ಮಾತ್ರ ಇರುತ್ತದಂತೆ, ಅವರು ಹೊರಗೆ ಕೊಡುವುದಿಲ್ಲವಂತೆ.

5 ಅಕ್ಟೋಬರ್, ಸೋಮವಾರ

ಶೀನ ಬಂದು ಪೆಟ್ಟಿಗೆ ತೆರೆದ. ಇವರು ಪಾದರಸದ ನಳಿಗೆಯ ಮೇಲೆ ಬೆರಳಿಟ್ಟು ಗಡಿಯಾರ ಎಂದರು. ನನಗೂ ಮಂಜನಿಗೂ ಒಟ್ಟಿಗೇ ಅರ್ಥವಾಯಿತು. ಹೋದ ತಿಂಗಳು ಪೆಟ್ಟಿಗೆಯನ್ನೂ ಕೊಟ್ಟಿಗೆಯನ್ನೂ ತೋರಿಸಿದ್ದು ಇದಕ್ಕೇ. ಶೀನನಿಗೂ ಅರ್ಥವಾಯಿತು, ಅವನು ಪೆಟ್ಟಿಗೆ ಮುಚ್ಚಿಕೊಂಡು ಎದ್ದೇಬಿಟ್ಟ. ಇದು ಸರಕಾರದ್ದು, ಮನುಷ್ಯರಿಗೆ ಮಾತ್ರ ಎಂದ. ನಾನು ತಡೆಯಲಿಲ್ಲ. ನೀರ್ದೋಸೆ ಹೊಯ್ದಿದ್ದೇನೆ, ತಿಂದು ಹೋಗು ಎಂದೆ. ಒಂಬತ್ತನೆಯ ದೋಸೆಗೆ ಅವನು, ಪಾದರಸಕ್ಕೆ ಪೆಟ್ರೋಲು ತಾಗದ ಹಾಗೆ ಮಾಡುವುದಾದರೆ ನೋಡುವ ಎಂದ.

ಇವರ ಪ್ರೆಶರ್ ನೂರ ಅರವತ್ತು.

11 ಅಕ್ಟೋಬರ್, ಭಾನುವಾರ

ಶೀನ ಪೆಟ್ಟಿಗೆಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಬಂದ. ಕಾರ್ಬೋರೇಟರಿಗೆ ಹೋಗುವ ಪೈಪು ಬಿಚ್ಚಿ, ಅದರ ತುದಿಗೆ ಉದ್ದ ರಬ್ಬರ್ ನಳಿಗೆ ಸಿಕ್ಕಿಸಿದೆವು. ಇನ್ನೊಂದು ತುದಿ ಪೆಟ್ಟಿಗೆಗೆ. ಪೆಟ್ಟಿಗೆಯನ್ನು ಎತ್ತರದ ಸ್ಟೂಲಿನ ಮೇಲಿಟ್ಟರೆ ನಡುವಿನ ಗಾಳಿ ಪಾದರಸವನ್ನು ದೂಡುತ್ತದೆ, ಪೆಟ್ರೋಲು ಕೆಳಗೇ ನಿಲ್ಲುತ್ತದೆ. ಇದು ಇವರು ಎಡಗೈಯಲ್ಲಿ ನೆಲದ ಮೇಲೆ ಚಿತ್ರ ಬರೆದು ತೋರಿಸಿದ್ದು. ಕಾರ್ಬೋರೇಟರಿನಲ್ಲಿ ಮೊದಲೇ ಇರುವ ಪೆಟ್ರೋಲಿನಿಂದ ಎಂಜಿನ್ ಸ್ವಲ್ಪ ಹೊತ್ತು ಓಡುತ್ತದೆ, ಅಷ್ಟರಲ್ಲಿ ಅಂಕಿ ನೋಡಬೇಕು. ಬಾನೆಟ್ಟಿನ ಹತ್ತಿರ ಯಾರೂ ಬೀಡಿ ಹಚ್ಚಬಾರದು ಎಂದು ಮಂಜ ಶೀನನ ಕಿಸೆಯಿಂದ ಬೆಂಕಿಪೆಟ್ಟಿಗೆ ತೆಗೆದು ಬಾವಿಕಟ್ಟೆಯ ಮೇಲೆ ಇಟ್ಟು ಬಂದ.

ಎಂಜಿನ್ ಶುರು ಮಾಡಿದ್ದು ನಾನು. ಮದುವೆಯಾಗಿ ಇಷ್ಟು ವರ್ಷವಾದರೂ ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು. ಕಾಲಡಿಯಲ್ಲಿ ಅದು ನಡುಗಿದ್ದಕ್ಕೆ ನಾನೂ ನಡುಗಿದೆ. ಪಾದರಸ ನೂರು, ನೂರೈವತ್ತು, ಇನ್ನೂರು ದಾಟಿ ಮೇಲೆ ಮೇಲೆ ಹೋಯಿತು. ಶೀನ, "ಪ್ರಭಕ್ಕ, ನಿಲ್ಸಿ, ನನ್ ಕೆಲ್ಸ ಹೋತ್ತ್," ಎಂದು ತಲೆಯ ಮೇಲೆ ಕೈ ಹೊತ್ತ. ನಿಲ್ಲಿಸಿದೆ. ಇನ್ನೂರ ಎಪ್ಪತ್ತರ ಹತ್ತಿರ ಇತ್ತು. ಮನುಷ್ಯನಿಗೆ ಇಷ್ಟಿದ್ದರೆ ಆಗಲೇ ಸತ್ತಿರುತ್ತಿದ್ದ ಎಂದು ಶೀನ ಹೇಳಿದ.

ಸರಿಯಾದ ಅಂಕಿ ಎಷ್ಟು ಎಂದು ಕೇಳಿದರೆ ಇವರು ಎರಡು ಬೆರಳು ಎತ್ತಿ, ಮೂರನೆಯದನ್ನು ಅರ್ಧ ಮಡಿಸಿದರು. ಎರಡೂವರೆ ಪೌಂಡು, ಕಾರಿನ ಪ್ರೆಶರಿನ ಲೆಕ್ಕ ಪೌಂಡಿನಲ್ಲಂತೆ. ಒಂದು ಪೌಂಡಿಗೆ ಪಾದರಸ ಐವತ್ತೆರಡು ಗೆರೆ ಏರುತ್ತದೆ ಎಂದು ಶೀನ ಹೇಳಿದ, ಗುಣಿಸಿದ್ದು ನಾನು. ನೂರ ಮೂವತ್ತು. ಡಾಕ್ಟರು ಇವರಿಗೆ ಹೇಳಿದ ಅಂಕಿಯೇ ಕಾರಿಗೂ ಬಂದದ್ದು ನೋಡಿ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು.

14 ಅಕ್ಟೋಬರ್, ಬುಧವಾರ

ಪ್ಯಾಕಿಂಗ್ ಕತ್ತರಿಸಿದೆ. ಮೊಳೆಗೆ ಸಿಕ್ಕಿಸಿದ ಹಳೆಯ ಮದುವೆ ಆಮಂತ್ರಣದ ಕಾಗದಗಳೇ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಉಳ್ಳವರ ಮದುವೆಯ ಕಾಗದ ದಪ್ಪ, ಇಲ್ಲದವರದು ತೆಳು, ಬೇಕಾದ ಹಾಗೆ ಆರಿಸಬಹುದು. ಬಸ್ರೂರಿನ ಸಾಹುಕಾರರ ಮಗಳ ಮದುವೆಯ ಕಾಗದದಲ್ಲಿ ಪಂಪಿನ ಅಚ್ಚು ಇಟ್ಟು ಗೆರೆ ಎಳೆದು ಕತ್ತರಿಯಿಂದ ಕತ್ತರಿಸಿ, ಬೋಲ್ಟಿನ ತೂತು ಮಾಡಿ, ಎಣ್ಣೆಯಲ್ಲಿ ನೆನೆಹಾಕಿದೆ. ರವಿಕೆ ಕತ್ತರಿಸಿದ್ದಕ್ಕಿಂತ ಸುಲಭ. ಇವರು ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ, ಒಂದು ಕಡೆ ಅಂಚು ಏಳುತ್ತದೆ ಎಂದು ವಾಪಸು ಕೊಟ್ಟರು. ಎರಡನೆಯದಕ್ಕೂ ಏನೋ ತಪ್ಪು ಹುಡುಕಿದರು. ಮೂರನೆಯದನ್ನು ನಾನು ತೋರಿಸಲೇ ಇಲ್ಲ.

16 ಅಕ್ಟೋಬರ್, ಶುಕ್ರವಾರ

ಉಗುರಿನ ಕಪ್ಪು ಹೋಗುತ್ತಿಲ್ಲ. ಹುಳಿ ಹಚ್ಚಿ ಉಜ್ಜಿದರೂ ಹೋಗಲಿಲ್ಲ. ಇರಲಿ.

ಇವರು ನನ್ನನ್ನು ಸ್ಪ್ಯಾನರ್ ಎಂದು ಕರೆದರು, ಮಧ್ಯಾಹ್ನ ಊಟದ ಹೊತ್ತಿಗೆ. ಬಂದೆ ಎಂದೆ.

18 ಅಕ್ಟೋಬರ್, ಭಾನುವಾರ

ಒಂದು ದಪ್ಪ ಪ್ಯಾಕಿಂಗಿಗೆ ಇನ್ನೂರು. ಮೂರು ದಪ್ಪದಕ್ಕೆ ತೊಂಬತ್ತು. ತೊಂಬತ್ತಕ್ಕೆ ಎಂಜಿನ್ ನಿಧಾನಕ್ಕೆ ಓಡಿದರೂ ಆಕ್ಸಿಲರೇಟರ್ ಒತ್ತಿದರೆ ಮೊದಲಿನ ಹಾಗೆ ಕೆಮ್ಮುತ್ತದೆ. ಘಾಟಿಯಲ್ಲಿ ಇದು ಅರ್ಧ ದಾರಿಗೆ ನಿಲ್ಲುತ್ತದೆ ಎಂದು ಸದ್ದಿನಿಂದಲೇ ಗೊತ್ತಾಯಿತು, ನನಗೆ. ಇವರು ಹೇಳುವ ಮೊದಲೇ ಸ್ವಿಚ್ ಆಫ್ ಮಾಡಿದೆ. ಪಂಪು ಬಿಚ್ಚುವುದು, ಕೂರಿಸುವುದು, ನಾಲ್ಕು ಸಲ ಆಯಿತು. ಬೆರಳ ಗಂಟು ಸುಲಿಯಿತು. ಇವರು ಎಡಗೈಯಿಂದ ನನ್ನ ಬೆರಳಿಗೆ ತೆಂಗಿನೆಣ್ಣೆ ಹಚ್ಚಿದರು. ಅರ್ಧ ಎಣ್ಣೆ ಸೀರೆಗೆ ಹೋಯಿತು. ಹಚ್ಚಲಿ ಎಂದು ಕೂತಿದ್ದೆ.

25 ಅಕ್ಟೋಬರ್, ಭಾನುವಾರ

ಎರಡು ಉಳ್ಳವರ ಮದುವೆ, ಒಂದು ಬಡವರ ಮದುವೆ. ನೂರ ಮೂವತ್ತೆರಡು.

ಪಾದರಸ ಅಲ್ಲಿಗೆ ಬಂದು ನಿಂತೇ ನಿಂತಿತು, ಒಂದು ಗೆರೆ ಆಚೆ ಈಚೆ ಸಣ್ಣಗೆ ಮಿಡಿಯುತ್ತಾ. ಪೈಪು ವಾಪಸು ಜೋಡಿಸಿ ಎಂಜಿನ್ ಬಹಳ ಹೊತ್ತು ಓಡಿಸಿದೆವು. ಕಾರ್ಬೋರೇಟರಿನ ಕೆಳಗೆ ಬಿಳಿ ಬಟ್ಟೆ ಹಾಸಿ ನೋಡಿದೆ, ಒಂದು ಹನಿ ಬೀಳಲಿಲ್ಲ. ಶೀನ ಅದೇ ಪೆಟ್ಟಿಗೆಯಿಂದ ಇವರದೂ ನೋಡಿದ. ನೂರ ನಲವತ್ತೆಂಟು. ಕಾರೇ ಮೊದಲು ಬಂತು ಎಂದ ಮಂಜ. ಇವರಿಗೆ ಸಣ್ಣ ಮಗುವಿಗಾದಷ್ಟು ಖುಷಿ. ನನ್ನ ಭುಜ ಹಿಡಿದು ಎದ್ದು ಕಾರಿನ ಸುತ್ತ ಒಂದು ಸುತ್ತು ನಡೆದರು. ಬಲಗಾಲು ಎಳೆಯುತ್ತದೆ, ಆದರೆ ನಡೆದರು.

ಇನ್ನು ಚೆನ್ನಯ್ಯನವರು ಬರಬಹುದು ಎಂದು ಚಂದುವಿಗೆ ಹೇಳಿ ಕಳಿಸಿದೆ. ಹೇಳಿ ಕಳಿಸಿದ ಮೇಲೆ ಯಾಕೋ ಊಟ ರುಚಿಸಲಿಲ್ಲ. ಬಳಲಿಕೆ ಇರಬೇಕು.

30 ಅಕ್ಟೋಬರ್, ಶುಕ್ರವಾರ

ಇವರು ಈಗ ಸಣ್ಣ ಸಣ್ಣ ವಾಕ್ಯ ಹೇಳುತ್ತಾರೆ. ನೀರಿಗೆ ನೀರು ಎನ್ನುತ್ತಾರೆ. ಕಾರು ಮಾರುವುದಕ್ಕೆ ನಿಮಗೆ ಬೇಸರವೇ ಎಂದು ಕೇಳಿದೆ. ಉತ್ತರ ಹೇಳದೆ ಹೊರಗೆ ನೋಡಿದರು. ಬೇಕಾದಾಗ ನಾಲಿಗೆ ಬೀಳುವುದೂ ಒಂದು ಅನುಕೂಲ.

8 ನವೆಂಬರ್, ಭಾನುವಾರ

ಚೆನ್ನಯ್ಯನವರು ಬೆಳಿಗ್ಗೆ ಹೆಂಡತಿ ಕಮಲ ಅವರನ್ನೂ ಕರೆದುಕೊಂಡು ಬಂದರು. ಸಭ್ಯರು. ಘಾಟಿ ಹತ್ತಿಸಿ ನೋಡಿ ಮಾತಾಡುವ ಎಂದರು. ಸ್ಟೇರಿಂಗ್ ಅವರೇ ಹಿಡಿದರು. ಮುಂದೆ ಇವರು, ಹಿಂದೆ ನಾನು, ಕಮಲ, ಚಂದು, ಮಂಜ ಒತ್ತಿಕೊಂಡು ಕೂತೆವು. ಲೆಕ್ಕ ಹಾಕಿದರೆ ಸರಿಯಾಗಿ ಆರು ಜನ.

ಸಿದ್ದಾಪುರ ದಾಟಿ ಹೊಸಂಗಡಿಯವರೆಗೆ ಎಲ್ಲ ಮಾತಾಡುತ್ತಿದ್ದರು. ಘಾಟಿ ಶುರುವಾದ ಮೇಲೆ ನನಗೆ ಯಾರ ಮಾತೂ ಕೇಳಿಸಲಿಲ್ಲ, ಎಂಜಿನ್ ಮಾತ್ರ ಕೇಳುತ್ತಿತ್ತು. ತಿರುವು ಬಂದಾಗಲೆಲ್ಲ ಮೂಗರಳಿಸಿ ಪೆಟ್ರೋಲಿನ ವಾಸನೆ ಇದೆಯೇ ಎಂದು ನೋಡುತ್ತಿದ್ದೆ. ಕಮಲ ಅವರು ನನಗೆ ಶೀತವಾಗಿದೆ ಎಂದುಕೊಂಡು ಲವಂಗ ಕೊಟ್ಟರು. ಮುಂದಿನ ಸೀಟಿನಲ್ಲಿ ಇವರ ಎಡಗೈ ಬಾಗಿಲ ಮೇಲೆ ಮುಷ್ಟಿಯಾಗಿತ್ತು. ಕಾರು ಕೆಮ್ಮಲಿಲ್ಲ, ನಿಲ್ಲಲಿಲ್ಲ. ಮೇಲೆ ಬಯಲು ಕಂಡಾಗ ಇವರ ಮುಷ್ಟಿ ಬಿಚ್ಚಿತು. ಹಿಂದಿನಿಂದ ನನಗೆ ಮುಖದಲ್ಲಿ ಕಾಣುತ್ತಿದ್ದದ್ದು ಕಿವಿ ಮಾತ್ರ. ಆ ಕಿವಿಯ ಕೆಳಗೆ ಬೆವರೋ ಕಣ್ಣೀರೋ ಒಂದು ಗೆರೆ ಇಳಿಯಿತು. ನಾನು ಬಾಯಲ್ಲಿದ್ದ ಲವಂಗವನ್ನು ಕಡಿದು ನುಂಗಿದೆ.

ಘಾಟಿಯ ತಲೆಯಲ್ಲಿ ಇಳಿದು ಚೆನ್ನಯ್ಯನವರು ಬಾನೆಟ್ಟು ತೆರೆದು ಒಳಗೆಲ್ಲ ನೋಡಿದರು. ಪಂಪಿನ ಕೆಲಸ ಅಚ್ಚುಕಟ್ಟಾಗಿದೆ, ಯಾವ ಮೆಕ್ಯಾನಿಕ್ ಮಾಡಿದ್ದು ಎಂದು ಇವರನ್ನು ಕೇಳಿದರು. ಇವರು ಎಡಗೈಯಿಂದ ನನ್ನನ್ನು ತೋರಿಸಿ, ಇವಳು ಎಂದರು. ಚೆನ್ನಯ್ಯನವರು ಪಾಪ ಎಂಬಂತೆ ನಕ್ಕರು. ಚಂದು ಅವರ ಕಿವಿಯ ಹತ್ತಿರ ಹೋಗಿ, ಭಾವನಿಗೆ ಕಾಯಿಲೆಯಾದ ಮೇಲೆ ಶಬ್ದ ತಪ್ಪುತ್ತದೆ ಎಂದು ವಿವರಿಸಿದ.

ಕಾರು ಹಿಡಿಸಿತು, ಇಲ್ಲೇ ಮಾತು ಮುಗಿಸುವ, ಏನು ಕೊಡಬೇಕು ಹೇಳಿ ಎಂದು ಚೆನ್ನಯ್ಯನವರು ಕೇಳಿದರು. ಇವರು ಕಾರಿಗೆ ಒರಗಿ ನಿಂತಿದ್ದರು. ಅವಸರವಿಲ್ಲದೆ, ಒಂದೊಂದೇ ಶಬ್ದ ಹುಡುಕಿ ಎತ್ತಿಕೊಂಡ ಹಾಗೆ ಹೇಳಿದರು.

"ಇವ್ಳತ್ರ ಕೇಣಿ. ಕಾರ್ ಇವ್ಳದ್ದ್."

ಕಾರು ಇವಳದು, ಇವಳನ್ನೇ ಕೇಳಿ ಎಂದದ್ದಕ್ಕೆ ಈ ಸಲ ಕಮಲ ಅವರೂ ಸೆರಗು ಅಡ್ಡ ಹಿಡಿದು ನಕ್ಕರು. ಚಂದು ಕೈ ಎತ್ತಿ ಮತ್ತೆ ವಿವರಿಸಲು ಹೊರಟ. ಅವನನ್ನು ತಡೆದು ನಾನು ಮುಂದೆ ಬಂದೆ. ಏನು ಹೇಳಬೇಕು ಎಂದು ಯೋಚಿಸಿರಲಿಲ್ಲ, ಸತ್ಯವಾಗಿಯೂ ಇಲ್ಲ. ಮಾರುವುದಕ್ಕೇ ಅಷ್ಟು ದೂರ ಬಂದವಳು.

"ಇವ್ರಿಗೆ ಶಬ್ದ ತಪ್ಲಿಲ್ಲ," ಎಂದೆ. "ಎರಡೂ ಸಮಾ ಹೇಳಿರ್. ಪಂಪ್ ಕೂರ್ಸಿದ್ದ್ ನಾನ್. ಕಾರ್ ಕೊಡುದಿಲ್ಲ."

ಚೆನ್ನಯ್ಯನವರು ನನ್ನ ಮುಖ ನೋಡಿದರು, ಆಮೇಲೆ ನನ್ನ ಉಗುರು ನೋಡಿದರು. ಹಾಗಾದರೆ ಇಂಥದ್ದೇ ಒಂದನ್ನು ನಮಗೂ ಮಾಡಿಕೊಡುತ್ತೀರಾ ಎಂದು ಕೇಳಿದರು, ನಗದೆ. ಪಂಪು ತಂದುಕೊಟ್ಟರೆ ನೋಡುವ ಎಂದು ನಾನೂ ನಗದೆ ಹೇಳಿದೆ. ಇವರನ್ನು ಮಾತ್ರ ನೋಡಲಿಲ್ಲ. ನೋಡಿದ್ದರೆ ಅಳುತ್ತಿದ್ದೆ.

ಘಾಟಿ ಇಳಿಯುವಾಗ ಮಂಜ ಸ್ಟೇರಿಂಗ್ ಹಿಡಿದ. ಹಾಲಾಡಿಯಲ್ಲಿ ಇಳಿದ ಚಂದು ಕಾಫಿಗೂ ಒಳಗೆ ಬರಲಿಲ್ಲ. ಎರಡು ದಿನ ಬಿಟ್ಟು ಬರುತ್ತಾನೆ. ಮಂಜ ಹೋಗುವಾಗ, ನಾಳೆ ಸಿದ್ದಾಪುರದ ಒಬ್ಬರಿಗೆ ಬಾಡಿಗೆ ಇದೆ, ಕೈ ಪೂರ್ತಿ ಗುಣವಾಗಿದೆ, ಹೋಗಬಹುದೇ ಎಂದು ಇವರನ್ನು ಕೇಳದೆ ನನ್ನನ್ನು ಕೇಳಿದ. ಬೆಳಿಗ್ಗೆ ಒಮ್ಮೆ ಪೈಪಿನ ನಟ್ಟು ನೋಡಿ ಕೊಡುತ್ತೇನೆ, ಆಮೇಲೆ ಹೊರಡು ಎಂದೆ.

ಎಲ್ಲರೂ ಹೋದ ಮೇಲೆ ಜಗಲಿಯಲ್ಲಿ ಇವರ ಹತ್ತಿರ ಕೂತು ಕೇಳಿದೆ, ಅಷ್ಟು ಜನರ ಎದುರು ಯಾಕೆ ನನ್ನ ತಲೆಗೆ ಕಟ್ಟಿದಿರಿ, ಕೊಡುವುದಿಲ್ಲ ಎಂದು ನೀವೇ ಹೇಳಬಹುದಿತ್ತಲ್ಲ. ಉತ್ತರಕ್ಕೆ ತುಂಬಾ ಹೊತ್ತು ಹಿಡಿಯಿತು. ಇಷ್ಟು ಉದ್ದದ ಮಾತನ್ನು ಬಿದ್ದ ಮೇಲೆ ಇವರು ಆಡಿದ್ದು ಇದೇ ಮೊದಲು.

"ನಾ ಕೊಡುದಿಲ್ಲ ಅಂದಿದ್ರೆ ನೀ ಸುಮ್ನ್ ಆತಿದ್ದೆ. ಮತ್ತ್ ಸಾಯುವರೆಗೂ ಕಾರಿಗ್ ಬೈತಿದ್ದೆ."

ಎಷ್ಟು ಉಪಾಯದವರು. ಈಗ ಅದಕ್ಕೆ ಬೈಯುವ ಹಾಗೂ ಇಲ್ಲ, ನನ್ನದೇ ಕಾರು.